ಬ್ರೇಕಣ್ಣನ ಮರಳು ಸವಾರಿ

ಈ ಬ್ರೇಕಣ್ಣನ ಸಹವಾಸ ಸಾಕಪ್ಪಾ ಸಾಕು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಅವನು ಬಸ್ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ತಲೆಗೂದಲು ಕಪ್ಪಿದ್ದಾಗ ಜೊತೆಯಾದವರು, ನೆರೆತ ಮೇಲೆ ಜೊತೆಯಲ್ಲೇ ನಿವೃತ್ತರಾದೆವು. ಅಷ್ಟೂ ವರ್ಷ ನಾನು ಹಿಂದಿನಿಂದ "ರೈಟ್" ಅನ್ನದೆ ಅವನು ಒಂದು ಗೇಣು ಗಾಡಿ ಮುಂದೆ ಬಿಟ್ಟವನಲ್ಲ. ಬ್ರೇಕ್ ಮೇಲಿಟ್ಟ ಕಾಲು ತೆಗೆಯುವುದಿಲ್ಲ ಎಂದೇ ಡಿಪೋದವರು ಆ ಹೆಸರಿಟ್ಟಿದ್ದು.

ನಿವೃತ್ತಿಯಾದ ಮೇಲೆ ಅವನ ಕಾಟವೆಲ್ಲ ಮನೆಯವರ ತಲೆಗೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹೆಂಡತಿ ಒಲೆ ಹಚ್ಚಿದರೂ "ಹುಷಾರು, ಹುಷಾರು" ಎನ್ನುವುದು. "ಇವರಿಗೆ ಏನಾದ್ರೂ ಕೆಲಸ ನೋಡಿ ಅಣ್ಣ. ಒಂದೊಂದ್ಸಲ ಸುಮ್ಮನೆ ಕೂತ್ಕೊಂಡು, ನಾನಿನ್ನು ಯಾವ ಕೆಲಸಕ್ಕೂ ಬಾರದವನು ಅಂತಾರೆ. ಭಯ ಆಗುತ್ತೆ," ಎಂದು ಆಕೆ ನನ್ನೆದುರು ಕಣ್ಣೀರು ಹಾಕಿದಳು.

ಅದೇ ಹೊತ್ತಿಗೆ ನನ್ನ ಅಕ್ಕನ ಮಗ ಕಡಲ ದಂಡೆಯ ಮರಳು ದಿಬ್ಬಗಳಲ್ಲಿ ಜನರನ್ನು ಸುತ್ತಿಸಲು ಹೊಸ ಡ್ಯೂನ್ ಬಗ್ಗಿಗಳನ್ನು ತರಿಸಿದ್ದ. ಬಾಗಿಲಿಲ್ಲ, ಮುಂದಿನ ಗಾಜಿಲ್ಲ. ಕಬ್ಬಿಣದ ಪೈಪಿನ ಗೂಡು, ದಪ್ಪ ಚಕ್ರ, ಎರಡೇ ಸೀಟು. ಬ್ರೇಕಣ್ಣನಿಗೊಂದು ಡ್ರೈವರ್ ಕೆಲಸ ಕೊಡು ಎಂದು ಕೇಳಿದೆ. "ಓಡಿಸಿ ತೋರಿಸ್ಲಿ ಮಾವ. ಸರಿ ಅನ್ನಿಸಿದ್ರೆ ಇವತ್ತೇ ಕೆಲಸ," ಎಂದ.

ಮೊದಲ ಗಾಡಿಯಲ್ಲಿ ನಾನೂ ಪಕ್ಕಕ್ಕೆ ಕೂತೆ. ಬ್ರೇಕಣ್ಣ ಇಲ್ಲದ ಬಾಗಿಲನ್ನು ಎಳೆದುಕೊಳ್ಳಲು ಕೈ ಚಾಚಿದ. ಇಲ್ಲದ ಗಾಜನ್ನು ಒರೆಸಲು ಬಟ್ಟೆ ಹುಡುಕಿದ. ಎಂಜಿನ್ ಗುರುಗುಟ್ಟುತ್ತಿದೆ, ಇವನು ಕನ್ನಡಿ ನೋಡುತ್ತ ಕೂತಿದ್ದಾನೆ.

"ಹೊರಡೋ!"

"ನೀನು ಹೇಳ್ಬೇಕಲ್ಲ."

"ಪಕ್ಕದಲ್ಲೇ ಕೂತಿದೀನಲ್ಲೋ ಪುಣ್ಯಾತ್ಮ! ರೈಟ್!"

ಹೊರಟ. ದಿಬ್ಬದ ಬುಡಕ್ಕೆ ಬಂದು ನಿಲ್ಲಿಸಿದ. ಮತ್ತೆ "ರೈಟ್" ಅಂದೆ, ಹತ್ತಿದ. ಮೇಲೆ ಯಾರೋ ಹೆಂಗಸು ಗಾಳಿಗೆ ಹಾರುತ್ತಿದ್ದ ಟೋಪಿ ಹಿಡಿಯಲು ಕೈ ಎತ್ತಿದರೆ, ಆಕೆಯ ಮುಂದೆ ನೀಟಾಗಿ ನಿಲ್ಲಿಸಿ "ಎಲ್ಲಿಗಮ್ಮ?" ಎಂದು ಕೇಳಿದ! ನನಗೆ ಮೈಯೆಲ್ಲ ಉರಿದುಹೋಯಿತು. ಎರಡನೇ ಗಾಡಿಯಲ್ಲೂ ಇದೇ ಗೋಳು.

ಅಕ್ಕನ ಮಗ ನನ್ನನ್ನು ಪಕ್ಕಕ್ಕೆ ಕರೆದ. "ಕೈ ಚೆನ್ನಾಗಿದೆ ಮಾವ, ಗಾಡಿ ಒಂಚೂರೂ ಕುಲುಕಲಿಲ್ಲ. ಆದ್ರೆ ಆ ಸೀಟಲ್ಲಿ ಗಿರಾಕಿ ಕೂರ್ತಾರೆ, ನೀವಲ್ಲ. ಒಬ್ಬರೇ ಒಂದು ಸುತ್ತು ಹೋಗಿ ಬರ್ಲಿ. ಆಗ್ಲಿಲ್ಲ ಅಂದ್ರೆ ಬೇಡ ಬಿಡಿ."

ಬ್ರೇಕಣ್ಣನಿಗೆ ಹೇಳಿದೆ, ಬೈದೆ, ಹೆಂಡತಿಯ ಕಣ್ಣೀರನ್ನು ನೆನಪಿಸಿದೆ. "ಆಯ್ತು ಬಿಡೋ, ಗೊತ್ತಾಯ್ತು," ಎಂದು ಮೂರನೇ ಗಾಡಿಯನ್ನು ಒಬ್ಬನೇ ಹತ್ತಿ ಎಂಜಿನ್ ಶುರು ಮಾಡಿದ. ಗಾಡಿ ಮಾತ್ರ ನಿಂತೇ ಇತ್ತು. ಕನ್ನಡಿಯೊಳಗಿಂದ ನನ್ನ ಬಾಯನ್ನೇ ನೋಡುತ್ತಿದ್ದ. ಅಕ್ಕನ ಮಗ ತಲೆ ಕೊಡವಿದ. ನನಗೂ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಇವತ್ತು ಹೇಳಿದರೆ ನಾಳೆಯೂ ಹೇಳಬೇಕು. ಹಲ್ಲು ಕಚ್ಚಿಕೊಂಡು ಅವನಿಗೆ ಬೆನ್ನು ತಿರುಗಿಸಿ ನಿಂತೆ.

ಎಷ್ಟೋ ಹೊತ್ತಾದ ಮೇಲೆ ಎಂಜಿನ್ ಸದ್ದು ಏರಿತು. ತಿರುಗಿ ನೋಡಿದರೆ ಗಾಡಿ ಅರ್ಧ ದಿಬ್ಬ ಹತ್ತಿತ್ತು. ಎಲ್ಲೂ ನಿಲ್ಲಿಸದೆ ಹತ್ತಿ, ಇಳಿದು, ಸುತ್ತು ಹಾಕಿ ಬಂದ. ಬಂದವನೇ ನೇರ ಅಕ್ಕನ ಮಗನ ಹತ್ತಿರ ಹೋಗಿ, "ಇನ್ನೊಂದು ಸುತ್ತು ಹೋಗ್ಲಾ ಸಾರ್?" ಎಂದು ಕೇಳಿದ, ಹೋಗಿಯೂ ಬಿಟ್ಟ. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಬಡ್ಡಿಮಗ.

ಮನೆಗೆ ಬಂದಾಗ ನನ್ನ ಹೆಂಡತಿ, "ಅವರಿಗೆ ಕೆಲಸ ಸಿಕ್ತಾ?" ಎಂದಳು.

"ಸಿಕ್ತು."

"ಮತ್ತೆ ನಿಮ್ಮ ಮುಖ ಯಾಕೆ ಹೀಗಿದೆ?"

ಅವನು ಹೋಗಲಿ ಎಂದೇ ನಾನು ಬೆನ್ನು ತಿರುಗಿಸಿದ್ದು. ಈಗ ಹೋದನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅವನಿಗೇನೋ ಕೆಲಸ ಸಿಕ್ಕಿತು. ನಾಳೆ ಬೆಳಿಗ್ಗೆ ಎದ್ದು ನಾನು ಯಾರನ್ನು ಬೈಯಲಿ?