ನಮ್ಮ ಕಂಪ್ಯೂಟರನ್ನು ನಡುಗಿಸಿದ್ದು ಯಾರು?

ಕಳೆದ ಭಾನುವಾರ ನಮ್ಮ ಸಂಪಾದಕರು ಆಫೀಸಿನ ನಟ್ಟನಡುವೆ ತುದಿಗಾಲಲ್ಲಿ ನಿಂತು ಧಪ್ಪೆಂದು ಹಿಮ್ಮಡಿ ಊರಿದರು. ಮತ್ತೆ ನಿಂತರು. ಮತ್ತೆ ಧಪ್! ಪಂಚೆ ಎತ್ತಿ ಕಟ್ಟಿದ್ದರು. ಹಣೆಯಲ್ಲಿ ಬೆವರು.

"ಇನ್ನೊಂದ್ಸಲ ಸಾರ್. ಸ್ವಲ್ಪ ಜೋರಾಗಿ" ಎಂದಳು ನನ್ನ ಗೆಳತಿ ಶಶಿಕಲಾ, ಕಾಗದದ ಸುರುಳಿಯ ಮೇಲೆ ಓಡುತ್ತಿದ್ದ ಸೂಜಿಯಿಂದ ಕಣ್ಣು ಕೀಳದೆ.

ನಗಬೇಡಿ. ಅವರ ಈ ಧಪ್ ಧಪ್‌ಗೂ ಕಳೆದ ತಿಂಗಳು ಪತ್ರಿಕೆ ನಿಮ್ಮ ಮನೆಗೆ ತಡವಾಗಿ ಬಂದದ್ದಕ್ಕೂ ಸಂಬಂಧವಿದೆ. (ಈ ಬರಹವನ್ನು ಸಂಪಾದಕರೇ ಓದಿ, ಒಂದಕ್ಷರವನ್ನೂ ಹೊಡೆದುಹಾಕದೆ ಪ್ರೆಸ್ಸಿಗೆ ಕಳಿಸಿದ್ದಾರೆ. ಅವರಿಗೂ ಒಂದು ಥ್ಯಾಂಕ್ಸ್.)

ಪಾಂಡವಪುರದ ನಮ್ಮ ಆಫೀಸನ್ನು ನೀವು ಬಲ್ಲಿರಿ. ಮೆಟ್ಟಿಲು ಹತ್ತುವ ಮೊದಲು ಸೀರೆಗೆ, ಶರಟಿಗೆ ಒಂದಿಷ್ಟು ಹಿಟ್ಟು ಮೆತ್ತಿಕೊಳ್ಳುತ್ತದೆ. ಕೆಳಗೆ ಜಯಮ್ಮನ ರಾಗಿ ಮಿಲ್ಲು, ಮೇಲೆ ನಾವು. ವಾರವಿಡೀ ನಾನು ಕಂಪ್ಯೂಟರಿನ ಮುಂದೆ ಕೂತು ಪತ್ರಿಕೆಯ ಪುಟ ಕಟ್ಟುತ್ತೇನೆ. ಬಿಡುವಾದಾಗ ನಿಮಗೆ ಈ ಹರಟೆ ಬರೆಯುತ್ತೇನೆ.

ಕಂಪ್ಯೂಟರ್ ಬಂದ ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಬಂದು ಸ್ವಿಚ್ ಹಾಕಿದರೆ ಹಿಂದಿನ ದಿನ ಕಟ್ಟಿದ ಪುಟಗಳು ತೆರೆದುಕೊಳ್ಳುವುದಿಲ್ಲ. ಒಳಗಿನಿಂದ ಟಿಕ್ ಟಿಕ್ ಸದ್ದು. ಹಾರ್ಡ್ ಡಿಸ್ಕ್ ಹೋಯಿತು. ಹೊಸದು ಹಾಕಿಸಿದೆವು, ಅದೂ ಹೋಯಿತು. ಮೈಸೂರಿನಿಂದ ಬಂದ ಮೆಕ್ಯಾನಿಕ್ ಮೂರನೆಯದನ್ನು ಕೂರಿಸುತ್ತಾ ಕೇಳಿದ, "ಏನ್ ಸಾರ್, ಕೆಳಗೆ ಮಿಲ್ ಇದೆಯಾ? ನೆಲ ನಡುಗ್ತಾ ಇದ್ರೆ ಡಿಸ್ಕ್ ಉಳಿಯೋದು ಕಷ್ಟ."

ಅಷ್ಟು ಸಾಕಾಯಿತು. ಸಂಪಾದಕರು ನೇರವಾಗಿ ಕಟ್ಟಡದ ಮಾಲೀಕರ ಮನೆಗೆ ಹೋದರು. ಪತ್ರಿಕೆಯವರ ಮಾತೆಂದರೆ ಮಾಲೀಕರಿಗೆ ಕೊಂಚ ಅಂಜಿಕೆ. ತಿಂಗಳ ಕೊನೆಯೊಳಗೆ ಮಿಲ್ಲು ಖಾಲಿ ಮಾಡಬೇಕೆಂದು ಜಯಮ್ಮನಿಗೆ ಹೇಳಿಯೇಬಿಟ್ಟರು.

ಮಾರನೆಯ ದಿನ ನಾನು ಮೆಟ್ಟಿಲ ಬಳಿ ಬಂದಾಗ ಜಯಮ್ಮ ಅಡ್ಡ ನಿಂತಿದ್ದರು. ರೆಪ್ಪೆಯ ತನಕ ಹಿಟ್ಟು.

"ಅಲ್ಲ ಕಣವ್ವ, ನೀವು ಬರೋಕ್ಕಿಂತ ಮುಂಚಿಂದ್ಲೂ ಇಲ್ಲೇ ಅವ್ನಿ. ನಿಮ್ ಕಂಪೂಟ್ರು ಬಂದ್ ಮೇಲೂ ಸುಮಾರ್ ದಿನ ಚೆನ್ನಾಗಿತ್ತಲ್ಲ? ಇವತ್ತು ನನ್ ಮಿಲ್ಲು ಅದ್ಕೇನ್ ಮಾಡ್ಬುಡ್ತು?"

ಮೇಲೆ ಹೋಗಿ ಇದೇ ಪ್ರಶ್ನೆಯನ್ನು ಸಂಪಾದಕರ ಮುಂದಿಟ್ಟೆ. "ಇಷ್ಟ್ ದಿನ ತಡ್ಕೊಂಡಿತ್ತು, ಈಗ ತಡೀತಿಲ್ಲ. ಆ ಸದ್ದು ನಿನಗೇ ಕೇಳಿಸ್ತಿಲ್ವೇನಮ್ಮ?" ಎಂದರು.

ಕೇಳಿಸುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳಿಸುತ್ತಿತ್ತು. ಆದರೆ ಕೇಳಿಸುವುದೂ ನಡುಗಿಸುವುದೂ ಒಂದೆಯೇ?

ಆಗ ನೆನಪಾದವಳು ಶಶಿಕಲಾ. ನಾಗಮಂಗಲದ ಕಡೆಯ ದೇವಲಾಪುರದವಳು. ಕೆ.ಆರ್. ಪೇಟೆಯಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಹಾಸ್ಟೆಲ್ಲಿನಲ್ಲಿ ಒಂದೇ ರೂಮು. ಈಗ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕಾರ್ಖಾನೆಗಳಲ್ಲಿ ಮೆಷಿನ್ನುಗಳ ನಡುಕ ಅಳೆಯುವುದು ಅವಳ ಕೆಲಸ ಎಂದು ಯಾವಾಗಲೋ ಹೇಳಿದ್ದಳು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಯಾರಾದ್ರೂ ಅಳತೆ ಮಾಡಿದ್ರೇನೇ?" ಎಂದಳು.

"ಇಲ್ಲ."

"ಮತ್ತೆ ಅವಮ್ಮನ್ನ ಎಂಗೆ ಓಡಿಸ್ತೀರ? ಭಾನುವಾರ ಬತ್ತೀನಿ. ಮಿಲ್ಲು ನಡೀತಿರ್ಲಿ, ನಿಲ್ಲಿಸ್ಬೇಡಿ."

ಬಂದಳು. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ, ಮಗುವನ್ನು ಕೂರಿಸಿಕೊಂಡ ಹಾಗೆ ನಡುಕ ಅಳೆಯುವ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ನೀರು ಕುಡಿದವಳೇ ಕೆಲಸ ಶುರುಮಾಡಿದಳು.

ಅವಳ ಸಾಮಾನು ನೋಡಿದರೆ ನಿಮಗೂ ಆಶ್ಚರ್ಯವಾಗುತ್ತಿತ್ತು. ಹುಣಸೆ ಬೀಜದಷ್ಟು ದಪ್ಪದ ಲೋಹದ ಬಿಲ್ಲೆ, ಅದಕ್ಕೊಂದು ವೈರು. ಅದನ್ನು ಜೇನುಮೇಣದಿಂದ ನೆಲಕ್ಕೆ ಅಂಟಿಸಿದಳು. ನೆಲ ಅಲುಗಿದರೆ ಬಿಲ್ಲೆಗೆ ಗೊತ್ತಾಗುತ್ತದೆ, ಪೆಟ್ಟಿಗೆಯ ಸೂಜಿ ಅದನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತದೆ. ನೆಲದ ಮೇಲೆ ಒಂದು ಅಳತೆ, ಟೇಬಲ್ಲಿನ ಮೇಲೆ ಒಂದು, ಕಂಪ್ಯೂಟರಿನ ಡಬ್ಬದ ಮೇಲೆ ಇನ್ನೊಂದು. ಮೇಲೆ ಕೆಳಗೆ, ಹಿಂದೆ ಮುಂದೆ, ಅಡ್ಡಡ್ಡ. ನಡುಕಕ್ಕೂ ಇಷ್ಟು ದಿಕ್ಕುಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ನಮ್ಮ ನೆಲದ ಚಪ್ಪಡಿ ಎಷ್ಟು ಗಟ್ಟಿ ಎಂದು ನೋಡಲು ಒಬ್ಬರು ಹಿಮ್ಮಡಿ ಕುಟ್ಟಬೇಕಿತ್ತು. ತೂಕವಿರುವವರು ಬೇಕು ಎಂದಳು. ಎಲ್ಲರೂ ಸಂಪಾದಕರ ಕಡೆ ನೋಡಿದೆವು. (ಮೊದಲೇ ಹೇಳಿದೆನಲ್ಲ, ನಗಬೇಡಿ.) ಕೋಣೆಯ ನಡುವೆ ಅವರು ಧಪ್ ಎಂದಾಗ ಸೂಜಿ ಚೆನ್ನಾಗಿಯೇ ಕುಣಿಯಿತು. ಗೋಡೆಯ ಪಕ್ಕ ಕುಟ್ಟಿದಾಗ ಅಷ್ಟಿಲ್ಲ.

ಆಮೇಲೆ ಮಿಲ್ಲು. ಕೆಳಗೆ ರಾಗಿ ಸುರಿಯುತ್ತಿದ್ದರು, ಬೆಲ್ಟು ಓಡುತ್ತಿತ್ತು. ನಾವು ಕೂಗಿ ಮಾತಾಡಬೇಕಾದಷ್ಟು ಸದ್ದು. ಕಾಗದದ ಮೇಲೆ ಮಾತ್ರ ಸಣ್ಣ ಅಲೆ. ಕೆರೆಯ ಮೇಲೆ ಗಾಳಿ ಬೀಸಿದಷ್ಟು.

"ಇಷ್ಟೇನಾ?" ಎಂದರು ಸಂಪಾದಕರು.

"ಇಷ್ಟೇ ಸಾರ್. ಡಿಸ್ಕ್ ಮಾಡಿದೋರೇ ಇಷ್ಟು ತಡ್ಕೊಳುತ್ತೆ ಅಂತ ಒಂದು ಮಿತಿ ಕೊಟ್ಟಿರ್ತಾರೆ. ಇದು ಅದಕ್ಕಿಂತ ಎಷ್ಟೋ ಕಮ್ಮಿ."

"ನಿಮ್ ಮೆಷಿನ್ ಸರಿಯಾಗಿದ್ಯಾ?"

"ನೀವು ಕುಣಿದಿದ್ದನ್ನ ಸರಿಯಾಗೇ ಬರೀತಲ್ಲ ಸಾರ್!"

ಮಧ್ಯಾಹ್ನ ಎಂದಿನಂತೆ ಕರೆಂಟು ಹೋಯಿತು. ಕೆಳಗೆ ಬೆಲ್ಟು ನಿಧಾನವಾಗಿ ನಿಂತಿತು. ಶಶಿಕಲಾಳ ಪೆಟ್ಟಿಗೆ ಬ್ಯಾಟರಿಯದು, ಸೂಜಿ ಎಳೆಯುತ್ತಲೇ ಇತ್ತು. ಗೆರೆ ನೇರವಾಗಿ, ಶಾಂತವಾಗಿ ಹೋಗುತ್ತಿತ್ತು. ನಮ್ಮ ಆಫೀಸಿನ ಹುಡುಗಿ ಅಭ್ಯಾಸಬಲದಿಂದ ಹಿಂದಿನ ಪಡಸಾಲೆಗೆ ಹೋಗಿ ಜನರೇಟರಿನ ಹಗ್ಗ ಎಳೆದಳು.

ಸೂಜಿ ಹುಚ್ಚೆದ್ದು ಕುಣಿಯಿತು. ಕಾಗದದ ಈ ಅಂಚಿನಿಂದ ಆ ಅಂಚಿಗೆ!

ಶಶಿಕಲಾ ಬಿಲ್ಲೆಯನ್ನು ನೆಲದಿಂದ ಕಿತ್ತು ಟೇಬಲ್ಲಿಗೆ ಅಂಟಿಸಿದಳು. ಇನ್ನೂ ಜೋರು. ನಮ್ಮ ತೆಳು ಕಬ್ಬಿಣದ ಟೇಬಲ್ಲಿಗೂ ಜನರೇಟರಿನ ಲಯಕ್ಕೂ ಹೇಗೋ ಹೊಂದಿಕೆಯಾಗಿ, ಅದು ಅಲ್ಲಾಡಿದಂತೆಲ್ಲ ಇದು ಇನ್ನಷ್ಟು ಅಲ್ಲಾಡುತ್ತಿತ್ತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಎಂದು ಅವಳು ವಿವರಿಸಿದಳು.

ನೋಡಿ, ಜನರೇಟರು ನಮ್ಮದೇ. ಕೆಳಗಿಟ್ಟರೆ ಕಳವಾದೀತೆಂದು ಮೇಲೆ, ಕಂಪ್ಯೂಟರ್ ಇರುವ ಚಪ್ಪಡಿಯ ಮೇಲೆಯೇ ಇಟ್ಟಿದ್ದೆವು. ಅದು ಬಂದ ಮೇಲೆಯೇ ಡಿಸ್ಕುಗಳು ಹೋಗಲು ಶುರುವಾದದ್ದು. ಪೆಟ್ಟು ಬೀಳುತ್ತಿದ್ದುದು ಕರೆಂಟಿಲ್ಲದ ಮಧ್ಯಾಹ್ನ. ನಮಗೆ ತಿಳಿಯುತ್ತಿದ್ದುದು ಮಾರನೆಯ ಬೆಳಿಗ್ಗೆ, ಕೆಳಗೆ ಮಿಲ್ಲು ಅಬ್ಬರಿಸುತ್ತಿರುವಾಗ. ಸಿಕ್ಕಿಬಿದ್ದವರು ಜಯಮ್ಮ.

ಸಂಪಾದಕರು ಪಂಚೆ ಇಳಿಬಿಟ್ಟುಕೊಂಡು ಕೆಳಗೆ ಹೊರಟರು. ನಾವೂ ಹಿಂದೆ ಹೋದೆವು. ಜಯಮ್ಮ ಚೀಲಗಳ ಮೇಲೆ ಕೂತು ಕರೆಂಟಿಗೆ ಕಾಯುತ್ತಿದ್ದರು.

"ಜಯಮ್ಮ, ನಿಮ್ ಮಿಲ್ಲಿಂದ ಏನೂ ಆಗಿಲ್ಲ. ನಮ್ ಜನರೇಟ್ರೇ ಕಣವ್ವ. ತಪ್ಪಾಯ್ತು."

ಜಯಮ್ಮ ಎದ್ದು ನಿಂತರು. ಬೈಯುತ್ತಾರೆಂದು ಕಾದೆ. ಅವರ ಮುಖದ ಹಿಟ್ಟಿನ ಮೇಲೆ ಎರಡು ಒದ್ದೆ ಗೆರೆ ಮೂಡಿದವು. ಸೆರಗಿನಿಂದ ಮುಖ ಒರೆಸಿಕೊಂಡರು. ಹಿಟ್ಟಿನ ಮೇಲೆ ಎರಡು ಒದ್ದೆ ಗೆರೆ ಮೂಡಿದವು.

"ಬುಡಿ ಸೋಮಿ. ಗೊತ್ತಾಯ್ತಲ್ಲ, ಅಷ್ಟ್ ಸಾಕು."

ಶಶಿಕಲಾ ಅಷ್ಟರಲ್ಲಿ ಬಗ್ಗಿ ಮಿಲ್ಲಿನ ಬುಡ ನೋಡುತ್ತಿದ್ದಳು. "ಅಮ್ಮ, ಇದನ್ನ ಯಾರು ಕೂರಿಸಿದ್ದು? ಪಾಯ ಗೋಡೆಗೆ ಎಲ್ಲೂ ತಾಗಿಲ್ಲ. ಅದಕ್ಕೇ ಮೇಲಕ್ಕೆ ನಡುಕ ಹೋಗ್ತಿಲ್ಲ."

"ನಮ್ಮೆಜಮಾನ್ರು ಕಣವ್ವ. ಇದ್ದಾಗ ಕೂರ್ಸಿದ್ದು. ಆಗ ನಾವು ಮೇಲ್ಗಡೆನೇ ಇದ್ದೊ. ನನ್ ಮಗ್ಳು ತೊಟ್ಲಲ್ಲಿದ್ಲು. ಮಿಲ್ಲು ತಿರ್ಗುದ್ರೆ ಕೂಸ್ ಎದ್ಬುಡ್ತದೆ ಅಂದ್ಬುಟ್ಟು, ಗುಂಡಿ ತೆಗ್ಸಿ, ಕಲ್ ತುಂಬ್ಸಿ, ಗೋಡೆಗ್ ತಾಗ್ದಂಗೆ ಕೂರ್ಸಿ ಅಂತ ಮೇಸ್ತ್ರಿ ಪ್ರಾಣ ತಿಂದಿದ್ರು."

"ಮಗು ಮಲಗ್ತಿತ್ತಾ?" ಎಂದು ಕೇಳಿದೆ.

"ಊಂ ಮತ್ತೆ! ಮಿಲ್ ನಿಂತ್ರೇ ಎದ್ದು ಅಳೋಳು." ಅಳುತ್ತಿದ್ದವರು ನಕ್ಕುಬಿಟ್ಟರು.

ಆಮೇಲಿನದೆಲ್ಲ ಬೇಗ ಆಯಿತು. ಹಿಟ್ಟಿಗೆ ಬಂದು ಕರೆಂಟಿಲ್ಲದೆ ಕೂತಿದ್ದ ಗಂಡಸರನ್ನು ಜಯಮ್ಮನೇ ಎಬ್ಬಿಸಿದರು. "ಏ, ಸುಮ್ಕೆ ಕೂತಿದ್ದೀರಲ್ಲ, ಆ ಮಿಷನ್ ಇಳ್ಸಿ ಬನ್ರಲಾ." ಅವರು ಜನರೇಟರನ್ನು ಹಿತ್ತಲಿಗೆ ಇಳಿಸಿ, ಹಳೆಯ ಟ್ರಾಕ್ಟರು ಟೈರಿನ ತುಂಡುಗಳ ಮೇಲೆ ಕೂರಿಸಿದರು. ಕಂಪ್ಯೂಟರು ಕೋಣೆಯ ನಡುವಿನಿಂದ ಗೋಡೆಯ ಮೂಲೆಗೆ ಹೋಯಿತು. ಕಬ್ಬಿಣದ ಟೇಬಲ್ಲು ಬೇಡ, ಭಾರದ್ದು ಬೇಕು ಎಂದಳು ಶಶಿಕಲಾ. ಜಯಮ್ಮ ತಮ್ಮ ಮನೆಯ ಹಳೆಯ ಮರದ ಮೇಜನ್ನೇ ಕಳಿಸಿಕೊಟ್ಟರು. ಜನರೇಟರು ಹಚ್ಚಿ ಮತ್ತೆ ಅಳೆದಾಗ ಸೂಜಿ ಅಲುಗಿದ್ದೂ ಕಾಣಲಿಲ್ಲ.

ಅದೇ ಸಂಜೆ ಸಂಪಾದಕರು ಮಾಲೀಕರ ಮನೆಗೆ ಹೋಗಿ ತಮ್ಮ ದೂರನ್ನು ವಾಪಸ್ ತೆಗೆದುಕೊಂಡು ಬಂದರು. ಮಿಲ್ಲು ಅಲ್ಲೇ ಇದೆ. ನೀವು ಓದುತ್ತಿರುವ ಈ ಪುಟವನ್ನು ಜಯಮ್ಮನ ಮೇಜಿನ ಮೇಲೆ, ಅದರ ಸದ್ದು ಕೇಳುತ್ತಲೇ ಕಟ್ಟಿದ್ದು.

ಶಶಿಕಲಾಳನ್ನು ಬಸ್ಸು ಹತ್ತಿಸಲು ನಾನೇ ಹೋದೆ. ಒಂದು ರಜೆಯ ದಿನ ಕೊಟ್ಟಳು, ಒಬ್ಬರ ಜೀವನ ಉಳಿಸಿದಳು. ಕರೆಂಟು ಬಂದ ಮೇಲೆ ಬೀಸಿ ಜಯಮ್ಮ ಅವಳ ಚೀಲದಲ್ಲಿ ತುರುಕಿದ್ದ ಹೊಸ ರಾಗಿಹಿಟ್ಟು ಇನ್ನೂ ಬೆಚ್ಚಗಿತ್ತು. "ಥ್ಯಾಂಕ್ಸ್ ಕಣೆ" ಎಂದೆ. "ಲೇ ಮಂಜಿ, ನಾನೇನ್ ಮಾಡ್ದೆ? ಅಳತೆ ಮಾಡ್ದೆ ಅಷ್ಟೇ" ಎಂದಳು.

ಅಷ್ಟೇ. ಆದರೆ ಆ ಅಷ್ಟನ್ನು ಮಾಡುವವರು ಎಷ್ಟು ಮಂದಿ? ಜೋರು ದನಿಯ ಸೊಸೆ, ಗದ್ದಲದ ತರಗತಿ, ಸದಾ ಸದ್ದು ಮಾಡುವ ಪಕ್ಕದ ಮನೆ. ಏನಾದರೂ ಕೆಟ್ಟರೆ ನಮ್ಮ ಬೆರಳು ಮೊದಲು ಅತ್ತಲೇ ತಿರುಗುತ್ತದೆ. ಜಯಮ್ಮನ ಪಾಲಿಗೆ ಒಬ್ಬಳು ಮೈಸೂರಿನಿಂದ ಬಸ್ಸಿನಲ್ಲಿ ಬಂದಳು.

ಅಳೆದು ನೋಡಲು ಯಾರೂ ಬಾರದೆ ಬಾಗಿಲು ಹಾಕಿಕೊಂಡು ಹೋದವರು ನಿಮ್ಮ ಬೀದಿಯಲ್ಲಿ ಎಷ್ಟು ಜನ?