ನಾಲ್ಕನೇ ಟಯರಿನ ಹವಾ

ಹುಮನಾಬಾದಿನ ಆ ಪೆಟ್ರೋಲ್ ಬಂಕಿನಲ್ಲಿ ‘ಗಾಳಿ ಉಚಿತ’ ಎಂಬ ದೊಡ್ಡ ಬೋರ್ಡಿತ್ತು. ಗಾಳಿ ತುಂಬುವವನು ಅದನ್ನು ಎಂದೂ ಮೀರಿದವನಲ್ಲ. ಬಾಯಿಬಿಟ್ಟು ಕಾಸು ಕೇಳುವ ಕೀಳುತನ ಅವನಲ್ಲಿರಲಿಲ್ಲ. ಕಾರಿನ ಮೂರು ಟಯರುಗಳಿಗೆ ಧಾರಾಳವಾಗಿ ತುಂಬುತ್ತಿದ್ದ. ನಾಲ್ಕನೆಯದರ ಹತ್ತಿರ ಬಂದಾಗ ಮಾತ್ರ ಪೈಪನ್ನು ಹೆಗಲಿಗೆ ಹಾಕಿಕೊಂಡು, ಆಕಾಶ ನೋಡುತ್ತ, “ಹವಾ ಪುಕಟ್ ಅದರಿ. ಮುಂದ ನಿಮ್ಮ ಖುಷಿ” ಎನ್ನುತ್ತಿದ್ದ. ನಮ್ಮ ಖುಷಿ ಅವನ ಕಿಸೆ ಸೇರಿದ ಮೇಲೆಯೇ ಆ ಟಯರು ಉಬ್ಬುತ್ತಿತ್ತು.

ಒಮ್ಮೆ ಬಂಕಿನ ಮಾಲೀಕರೇ ಬಸವಕಲ್ಯಾಣದ ಮದುವೆಗೆ ಹೊರಟು, ಗಾಳಿಯ ಸಾಲಿನಲ್ಲಿ ನನ್ನ ಕಾರಿನ ಮುಂದೆ ತಮ್ಮ ಕಾರು ನಿಲ್ಲಿಸಿದ್ದರು. ಮೂರು ಟಯರು ತುಂಬಿದವು. ಪೈಪು ಹೆಗಲಿಗೇರಿತು.

“ಆ ಬೋರ್ಡ್ ನಾನ ಬರಿಸೀನಿ,” ಎಂದರು ಮಾಲೀಕರು.

“ಹೌದ್ರಿ ಸಾಹುಕಾರ್ರ, ಅದಕ್ಕ ಪುಕಟ್ ಅದರಿ. ಮುಂದ ನಿಮ್ಮ ಖುಷಿ.”

ಮಾಲೀಕರು ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಿಸೆಗೆ ಕೈ ಹಾಕಿದರು.