ಹಸಿ ಗಾರೆಯ ಮುಖ

ಹೊನ್ನಾವರದ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಕಾಸರಕೋಡದ ಪುಟ್ಟ ಇಗರ್ಜಿಯೊಂದರೊಳಗೆ ಹೋದೆ. ಗೋಡೆಯ ಮೇಲೆ ಶಿಲುಬೆಯಿಂದ ಇಳಿಸಿದ ಏಸುವಿನ ಚಿತ್ರ ನೋಡಿ ಬೆಚ್ಚಿದೆ. ಹಿಮ್ಮಡಿ ಉಪ್ಪುನೀರಿಗೆ ಒಡೆದಿತ್ತು, ತುಟಿ ನೀಲಿಗಟ್ಟಿತ್ತು.

"ಇಟಲಿಯ ಹಳೇ ಚಿತ್ರಕಾರರು ಸಂತರಿಗೆ ತಮ್ಮ ಕೇರಿಯವರ ಮುಖನೇ ಕೊಡ್ತಿದ್ರಂತೆ. ನಾನೂ ಹಾಂಗೇ ಮಾಡಿದೆ," ಎಂದ, ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದ ಚಿತ್ರಕಾರ. ಚಿತ್ರ ಬರೆಯುವಾಗ ಅವನೆದುರು ಹೆಣದಂತೆ ಮಲಗಿದ್ದವನು ಪಕ್ಕದ ಕೇರಿಯ ಮೀನುಗಾರ ನಾಗಪ್ಪನಂತೆ.

ಅಷ್ಟರಲ್ಲಿ ನಾಗಪ್ಪನ ಹೆಂಡತಿ ಮಾದೇವಿ ಒಳಗೆ ಬಂದಳು.

"ಅಣ್ಣಾ, ಆ ಮುಖ ಅಳಿಸಿಬಿಡು. ನಾಳೆ ಇವ್ರು ಕಡಲಿಗೆ ಹೋಗೂದದೆ. ನಂಗೆ ಊಟವೇ ಸೇರೂದಿಲ್ಲ."

"ಅಳಿಸೂಕೆ ಆಗೂದಿಲ್ಲ ಅಕ್ಕಾ. ಹಸಿ ಗಾರೆ ಬಣ್ಣ ಕುಡಿದು ಒಣಗಿದೆ. ಗಾರೆಯನ್ನೇ ಕೆತ್ತಬೇಕು."

ಹಿಂದೆಯೇ ಬಂದ ನಾಗಪ್ಪ ನಕ್ಕ. "ಎಂತ ಹೆದರಿಕೆ ಮಾರಾಯ್ತಿ? ನೋಡು," ಎಂದು ಗೋಡೆಗೊರಗಿ, ಚಿತ್ರದ ಮುಖದ ಪಕ್ಕ ತನ್ನ ಮುಖವಿಟ್ಟು ತಮಾಷೆಗೆ ಕಣ್ಣು ಮುಚ್ಚಿದ. ಮೆಲ್ಲಗೆ ನಗು ಮಾಸಿತು. ಎದೆ ಏರಿಳಿಯುವುದು ನನಗೆ ಕಾಣಲಿಲ್ಲ.

"ಕಣ್ಣು ಬಿಡಿ!" ಮಾದೇವಿ ಚೀರಿ ಅವನ ಭುಜ ಹಿಡಿದೆಳೆದಳು.

ಅವನು ತುಸು ಹೊತ್ತಿನ ಮೇಲೆ ಕಣ್ಣು ತೆರೆದ.

"ಕೆತ್ತಿ ತೆಗಿ ಮಾರಾಯಾ," ಎಂದ ಚಿತ್ರಕಾರನಿಗೆ. "ಅಲ್ಲಿ ನಿಂತ್ರೆ ಕಣ್ಣು ಬಿಡೂಕೆ ಮನಸ್ಸೇ ಬರೂದಿಲ್ಲ."

ಚಿತ್ರಕಾರ ಉಳಿ ಹುಡುಕತೊಡಗಿದ.